ಟ್ಯಾಬ್ ಕೊಡುವ ಮೊದಲು ರೂಟರ್ ನೋಡಿ

ನಲಿ-ಕಲಿ ತರಗತಿಯ ಮಕ್ಕಳಿಗೆ ಬೇಡದ ತಾಣಗಳನ್ನು ತಡೆಯಲು ಒಂದೊಂದು ಟ್ಯಾಬಿಗೂ ಆ್ಯಪ್ ಹಾಕುತ್ತ ಕೂರುವುದಕ್ಕಿಂತ ಶಾಲೆಯ ರೂಟರಿಗೇ (ವೈಫೈ ಕೊಡುವ ಡಬ್ಬಿಗೇ) ಫಿಲ್ಟರ್ ಹಾಕುವುದು ವಾಸಿ. ದುಡ್ಡೂ ಬೇಡ.

ಬ್ರೌಸರ್‌ನಲ್ಲಿ 192.168.1.1 ತೆರೆಯಿರಿ (ಕೆಲವಕ್ಕೆ 192.168.0.1, ರೂಟರಿನ ಅಡಿಯ ಸ್ಟಿಕ್ಕರ್ ನೋಡಿ). ಡಿಎಚ್‌ಸಿಪಿ (ಟ್ಯಾಬುಗಳಿಗೆ ನೆಟ್ ವಿಳಾಸ ಹಂಚುವ ಸೆಟ್ಟಿಂಗ್) ಪುಟದಲ್ಲಿ ಡಿಎನ್‌ಎಸ್ (ತಾಣದ ಹೆಸರಿನಿಂದ ಅದರ ವಿಳಾಸ ಹುಡುಕಿಕೊಡುವ ವ್ಯವಸ್ಥೆ) ಜಾಗಕ್ಕೆ ಮೊದಲು 1.1.1.3, ಎರಡನೆಯದಕ್ಕೆ 1.0.0.3 ಬರೆಯಿರಿ. ಇದು ಕ್ಲೌಡ್‌ಫ್ಲೇರ್ ಎಂಬ ಇಂಟರ್ನೆಟ್ ಕಂಪನಿಯ ಉಚಿತ ಸೇವೆ. ವೈರಸ್ ತಾಣ, ಅಶ್ಲೀಲ ತಾಣ ಎರಡನ್ನೂ ತಡೆಯುತ್ತದೆ. ಕೊನೆಯ ಅಂಕಿ 2 ಹಾಕಿದರೆ ವೈರಸ್ ತಾಣ ಮಾತ್ರ. ಎರಡನೇ ಜಾಗದಲ್ಲಿ ಗೂಗಲ್‌ನ 8.8.8.8 ಹಾಕಲೇಬೇಡಿ, ಅದು ಅಶ್ಲೀಲ ತಾಣ ತಡೆಯುವುದಿಲ್ಲ, ಟ್ಯಾಬು ಅತ್ತಲೂ ಹೋಗುತ್ತದೆ. ರೂಟರಿನ ಪಾಸ್‌ವರ್ಡ್ ಇನ್ನೂ 'ಅಡ್ಮಿನ್' ಎಂದೇ ಇದ್ದರೆ ಬದಲಿಸಿ.

ಇಷ್ಟಾದರೂ ತಡೆಯದಿದ್ದರೆ ಮೊದಲು ಕ್ರೋಮ್ ಸೆಟ್ಟಿಂಗ್ಸ್ ನೋಡಿ. 'ಯೂಸ್ ಸೆಕ್ಯೂರ್ ಡಿಎನ್‌ಎಸ್' ಎಂಬಲ್ಲಿ ಬೇರೆ ಕಂಪನಿ ಆರಿಸಿದ್ದರೆ ಅದು ರೂಟರಿನ ಮಾತು ಕೇಳುವುದಿಲ್ಲ. ಆಫ್ ಮಾಡಿ. ಆಂಡ್ರಾಯ್ಡ್‌ನ 'ಪ್ರೈವೇಟ್ ಡಿಎನ್‌ಎಸ್' ಕೂಡ ಹಾಗೆಯೇ.

ಯೂಟ್ಯೂಬ್‌ಗೆ 'ರಿಸ್ಟ್ರಿಕ್ಟೆಡ್ ಮೋಡ್' ಬೇರೆಯಾಗಿ, ಪ್ರತಿ ಟ್ಯಾಬಿನಲ್ಲೂ ಆನ್ ಮಾಡಬೇಕು. ಅದನ್ನೂ ಪೂರ್ತಿ ನಂಬುವಂತಿಲ್ಲ.

ಸಕಲೇಶಪುರ, ಮೂಡಿಗೆರೆ ಕಡೆಯವರು ಗಮನಿಸಿ: ಮಳೆಗಾಲದಲ್ಲಿ ಕರೆಂಟು ಹೋಯಿತೆಂದು ಮೇಷ್ಟ್ರು ಮೊಬೈಲ್ ಹಾಟ್‌ಸ್ಪಾಟ್ ಕೊಟ್ಟರೆ ರೂಟರಿನ ಫಿಲ್ಟರ್ ಅಲ್ಲಿಗೆ ಮುಗಿಯಿತು. ಅಂಥ ದಿನಕ್ಕೆ ಸ್ಟೋರಿವೀವರ್ ಎಂಬ ಮಕ್ಕಳ ಕಥೆಗಳ ತಾಣದ ಕನ್ನಡ ಪುಸ್ತಕಗಳನ್ನು ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ, ನೆಟ್ಟೇ ಬೇಡ.