ಮನೆಯಲ್ಲಿ ಇನ್ಸುಲಿನ್ ಕೊಡುವುದು ಹೇಗೆ?

ಆಸ್ಪತ್ರೆಯಿಂದ ಮನೆಗೆ ಕಳುಹಿಸುವ ದಿನ ದಾದಿಯೊಬ್ಬರು ಒಮ್ಮೆ ತೋರಿಸಿಕೊಟ್ಟ ಇನ್ಸುಲಿನ್ ಚುಚ್ಚುಮದ್ದನ್ನು ಮರುದಿನ ಬೆಳಿಗ್ಗೆಯಿಂದ ಮಗಳೋ ಸೊಸೆಯೋ ಮಗನೋ ಕೊಡಬೇಕಾಗುತ್ತದೆ. ಅವರ ಕೈ ನಡುಗುವುದು ಸೂಜಿಯ ಭಯಕ್ಕೆ. ವಾಸ್ತವದಲ್ಲಿ ಚುಚ್ಚುವುದೇ ಈ ಕೆಲಸದ ಅತಿ ಸುಲಭದ ಭಾಗ. ಎಚ್ಚರ ಬೇಕಾಗಿರುವುದು ಅದಕ್ಕೆ ಮೊದಲು ಬಾಟಲಿಗೂ ಸಿರಿಂಜಿಗೂ ಹೊಂದಿಕೆಯಾಗಿದೆಯೇ ಎಂದು ನೋಡುವಾಗ, ಮತ್ತು ಚುಚ್ಚಿದ ಮೇಲೆ ಊಟಕ್ಕೆ ಕೂರಿಸುವಾಗ.

ಮೊದಲ ಕೆಲಸ ಬಾಟಲಿಯ ಮೇಲಿನ ಬರಹವನ್ನು ಓದುವುದು. ನಮ್ಮ ದೇಶದ ಔಷಧಿ ಅಂಗಡಿಗಳಲ್ಲಿ ಎರಡು ಬಗೆಯ ಸಾಂದ್ರತೆಯ ಇನ್ಸುಲಿನ್ ಸಿಗುತ್ತದೆ. ಸಾಮಾನ್ಯವಾಗಿ ಬಳಸುವ ಬಾಟಲಿಗಳಲ್ಲಿ ಪ್ರತಿ ಮಿಲಿಲೀಟರಿಗೆ 40 ಯೂನಿಟ್ ಇರುತ್ತದೆ. ಇನ್ಸುಲಿನ್ ಪೆನ್ನಿಗೆ (ಬರೆಯುವ ಪೆನ್ನಿನಂತೆ ಕಾಣುವ ಚುಚ್ಚುವ ಸಾಧನಕ್ಕೆ) ಹಾಕುವ ಕಾರ್ಟ್ರಿಜ್‌ಗಳಲ್ಲಿ ಮತ್ತು ಕೆಲವು ಬಾಟಲಿಗಳಲ್ಲಿ 100 ಯೂನಿಟ್ ಇರುತ್ತದೆ. ಸಿರಿಂಜುಗಳೂ ಅದಕ್ಕೆ ತಕ್ಕಂತೆ ಬೇರೆಬೇರೆ: 40ರದ್ದಕ್ಕೆ ಕೆಂಪು ಮುಚ್ಚಳ, 100ರದ್ದಕ್ಕೆ ಕಿತ್ತಳೆ ಬಣ್ಣದ ಮುಚ್ಚಳ. ವೈದ್ಯರು 20 ಯೂನಿಟ್ ಬರೆದಿದ್ದಾರೆ ಎಂದುಕೊಳ್ಳಿ. 100ರ ಔಷಧಿಯನ್ನು ಕೆಂಪು ಮುಚ್ಚಳದ ಸಿರಿಂಜಿನಲ್ಲಿ 20ರ ಗೆರೆಯವರೆಗೆ ಎಳೆದರೆ ಒಳಗೆ ಸೇರಿರುವುದು ಅರ್ಧ ಮಿಲಿ, ಅಂದರೆ 50 ಯೂನಿಟ್. ಅದು ಎರಡೂವರೆ ಪಟ್ಟು. ರೋಗಿಯ ಪ್ರಜ್ಞೆ ತಪ್ಪಿಸಲು ಅಷ್ಟು ಸಾಕು. ತಿರುವುಮುರುವಾಗಿ 40ರ ಔಷಧಿಯನ್ನು ಕಿತ್ತಳೆ ಮುಚ್ಚಳದ ಸಿರಿಂಜಿನಲ್ಲಿ ಎಳೆದರೆ ಹೋಗುವುದು ಕೇವಲ 8 ಯೂನಿಟ್, ಸಕ್ಕರೆ ಏಕೆ ಇಳಿಯುತ್ತಿಲ್ಲ ಎಂದು ಮನೆಯವರು ತಿಂಗಳುಗಟ್ಟಲೆ ತಲೆ ಕೆಡಿಸಿಕೊಳ್ಳುತ್ತಾರೆ. ಪೆನ್ ಕೆಟ್ಟಿತೆಂದು ಅದರ ಕಾರ್ಟ್ರಿಜ್‌ನಿಂದ ಔಷಧಿಯನ್ನು ಕೆಂಪು ಮುಚ್ಚಳದ ಸಿರಿಂಜಿಗೆ ಎಳೆದುಕೊಳ್ಳುವುದಂತೂ ಕೂಡದು. ಅಂಗಡಿಯವರು ಕೊಟ್ಟದ್ದನ್ನು ಹಾಗೆಯೇ ಚೀಲಕ್ಕೆ ಹಾಕಿಕೊಳ್ಳದೆ, ಎರಡರ ಮೇಲಿನ ಸಂಖ್ಯೆಯೂ ಒಂದೇ ಇದೆಯೇ ಎಂದು ಅಲ್ಲಿಯೇ ನಿಂತು ನೋಡಬೇಕು.

ತೆರೆಯದ ಬಾಟಲಿಗಳನ್ನು ಫ್ರಿಜ್ಜಿನಲ್ಲಿ 2ರಿಂದ 8 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶದಲ್ಲಿ ಇಡಬೇಕು, ಫ್ರೀಜರಿನಲ್ಲಿ ಅಲ್ಲ. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೂ ಕೆಲಸಕ್ಕೆ ಬರುವುದಿಲ್ಲ. ಬಳಕೆಯಲ್ಲಿರುವ ಬಾಟಲಿಯನ್ನು ಬಿಸಿಲು ಬೀಳದ ತಂಪಾದ ಜಾಗದಲ್ಲಿ ಹೊರಗೇ ಇಡಬಹುದು, ಆದರೆ ತೆರೆದ ದಿನಾಂಕವನ್ನು ಅದರ ಮೇಲೆ ಬರೆದು, ಸಾಮಾನ್ಯವಾಗಿ 28 ದಿನಗಳಾದ ಮೇಲೆ ಉಳಿದದ್ದನ್ನು ಎಸೆಯಬೇಕು. ರಾಯಚೂರು, ಕಲಬುರಗಿಗಳ ಬೇಸಿಗೆಯಲ್ಲಿ 40 ಡಿಗ್ರಿ ದಾಟುವಾಗ ಹೊರಗಿಡುವ ಮಾತೇ ಇಲ್ಲ. ಫ್ರಿಜ್ ಇಲ್ಲದ ಮನೆಯಲ್ಲಿ ಒಂದು ಮಡಕೆಯೊಳಗೆ ಇನ್ನೊಂದು ಚಿಕ್ಕ ಮಡಕೆಯನ್ನು ಇರಿಸಿ, ನಡುವೆ ಒದ್ದೆ ಮರಳು ತುಂಬಿ, ಬಾಟಲಿಯನ್ನು ಒಳಗಿನ ಒಣ ಮಡಕೆಯಲ್ಲಿ ಇಟ್ಟು ಮುಚ್ಚಿದರೆ ತಕ್ಕಮಟ್ಟಿಗೆ ತಂಪು ಸಿಗುತ್ತದೆ.

ಇನ್ನು ಎಳೆಯುವ ಕ್ರಮ. ಸೋಪಿನಿಂದ ಕೈ ತೊಳೆದುಕೊಳ್ಳಿ. 30/70ರಂತಹ ಮಿಶ್ರ ಇನ್ಸುಲಿನ್ ಮಜ್ಜಿಗೆಯ ತಿಳಿಯಂತೆ ಮಬ್ಬಾಗಿರುತ್ತದೆ, ನಿಂತಾಗ ಕೆಳಗೆ ಗಷ್ಟು ಕೂರುತ್ತದೆ. ಆದ್ದರಿಂದ ಬಾಟಲಿಯನ್ನು ಅಂಗೈಗಳ ನಡುವೆ ಹತ್ತು ಸಲ ಮೆಲ್ಲಗೆ ಉರುಳಿಸಿ ಸಮನಾಗಿಸಬೇಕು, ಕುಲುಕಬಾರದು. ತಿಳಿಯಾಗಿರಬೇಕಾದ ಇನ್ಸುಲಿನ್ ಮಬ್ಬಾಗಿದ್ದರೆ, ಅಥವಾ ಮಬ್ಬಾಗಿರುವುದು ಉರುಳಿಸಿದ ಮೇಲೂ ಕಣಕಣವಾಗಿ ಕಂಡರೆ ಅದನ್ನು ಬಳಸಬೇಡಿ. ರಬ್ಬರ್ ಮುಚ್ಚಳವನ್ನು ಸ್ಪಿರಿಟ್ ಹತ್ತಿಯಿಂದ ಒರೆಸಿ, ಬೇಕಾದಷ್ಟೇ ಯೂನಿಟ್ ಗಾಳಿಯನ್ನು ಸಿರಿಂಜಿಗೆ ಎಳೆದು ಬಾಟಲಿಯೊಳಗೆ ಬಿಟ್ಟು, ಬಾಟಲಿಯನ್ನು ತಲೆಕೆಳಗು ಮಾಡಿ ಔಷಧಿಯನ್ನು ಎಳೆಯಿರಿ. ಗುಳ್ಳೆಗಳಿದ್ದರೆ ಬೆರಳಿನಿಂದ ತಟ್ಟಿ ಮೇಲೇರಿಸಿ ಹೊರತಳ್ಳಿ, ಗೆರೆಯನ್ನು ಮತ್ತೊಮ್ಮೆ ನೋಡಿ. ಕನ್ನಡಕ ಬೇಕಿರುವ ಹಿರಿಯರು ಈ ಹಂತದಲ್ಲಿ ಸ್ವಾಭಿಮಾನವನ್ನು ಬದಿಗಿಟ್ಟು ಇನ್ನೊಬ್ಬರಿಂದ ಗೆರೆ ನೋಡಿಸಿಕೊಳ್ಳುವುದು ಒಳ್ಳೆಯದು.

ಚುಚ್ಚಲು ಹೊಟ್ಟೆಯೇ ಅನುಕೂಲ, ಹೊಕ್ಕುಳಿನ ಸುತ್ತ ಎರಡು ಬೆರಳಿನಷ್ಟು ಜಾಗ ಬಿಟ್ಟು. ತೊಡೆಯ ಹೊರಮೈಯೂ ಆಗುತ್ತದೆ. ಚರ್ಮವನ್ನು ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಹಗುರವಾಗಿ ಎತ್ತಿ ಹಿಡಿದು, ಸೂಜಿಯನ್ನು ಒಂದೇ ಸಲಕ್ಕೆ ಇಳಿಸಿ, ಔಷಧಿಯನ್ನು ನಿಧಾನವಾಗಿ ತಳ್ಳಿ, ಹತ್ತು ಎಣಿಸಿ ಹೊರತೆಗೆಯಿರಿ. ಅಲ್ಲಿ ಉಜ್ಜಬಾರದು. ನೋವಾಗುವುದಿಲ್ಲವೆಂದು ದಿನವೂ ಒಂದೇ ಜಾಗಕ್ಕೆ ಚುಚ್ಚಿಸಿಕೊಳ್ಳುವವರಿದ್ದಾರೆ. ನೋವು ಕಡಿಮೆಯಾಗಿರುವುದು ಅಲ್ಲಿ ಕೊಬ್ಬಿನ ಗಂಟು ಬೆಳೆದಿರುವುದರಿಂದ ಇರಬಹುದು, ಮತ್ತು ಗಂಟಿನೊಳಗೆ ಹೋದ ಇನ್ಸುಲಿನ್ ಒಂದು ದಿನ ಬೇಗ, ಇನ್ನೊಂದು ದಿನ ತಡವಾಗಿ ರಕ್ತಕ್ಕೆ ಸೇರುತ್ತದೆ. ಹಾಗಾಗಿ ಪ್ರತಿ ಸಲ ಹಿಂದಿನ ಜಾಗದಿಂದ ಒಂದು ಬೆರಳಿನ ಅಂತರ ಸರಿಯಬೇಕು, ವಾರಕ್ಕೊಮ್ಮೆ ಹೊಟ್ಟೆಯನ್ನು ಕೈಯಿಂದ ತಡವಿ ಗಂಟುಗಳನ್ನು ಹುಡುಕಬೇಕು.

ಹಳೆಯ ಬಗೆಯ ರೆಗ್ಯುಲರ್ ಮತ್ತು 30/70 ಇನ್ಸುಲಿನ್‌ಗಳನ್ನು ಊಟಕ್ಕೆ ಅರ್ಧ ಗಂಟೆ ಮೊದಲು ಕೊಡುತ್ತಾರೆ. ಹೊಸ ಶೀಘ್ರ ಇನ್ಸುಲಿನ್‌ಗಳನ್ನು ತಟ್ಟೆ ಮುಂದಿರುವಾಗಲೇ ಕೊಡಬೇಕು. ಸಕ್ಕರೆ ಕಾಯಿಲೆಯ ಜೊತೆಗೆ ಥೈರಾಯ್ಡ್ ಕೊರತೆಯೂ ಇರುವವರ ಬೆಳಗಿನ ಸಮಯವನ್ನು ಹೀಗೆ ಹೊಂದಿಸಬಹುದು: 6 ಗಂಟೆಗೆ ಖಾಲಿ ಹೊಟ್ಟೆಯಲ್ಲಿ ಥೈರಾಯ್ಡ್ ಮಾತ್ರೆಯನ್ನು ಬರಿಯ ನೀರಿನಲ್ಲಿ ನುಂಗಿಸಿ, 7ಕ್ಕೆ ಗ್ಲುಕೋಮೀಟರಿನಲ್ಲಿ ಸಕ್ಕರೆ ನೋಡಿ 30/70 ಇನ್ಸುಲಿನ್ ಕೊಟ್ಟು, 7.30ಕ್ಕೆ ತಿಂಡಿ ಮತ್ತು ಕಾಫಿ. ಕಾಫಿ ಮುಂದಕ್ಕೆ ಹೋಗುವುದನ್ನು ಮನೆಯ ಹಿರಿಯರು ಸುಲಭಕ್ಕೆ ಒಪ್ಪುವುದಿಲ್ಲ, ಆದರೆ ಕಾಫಿಯ ಜೊತೆ ನುಂಗಿದ ಥೈರಾಯ್ಡ್ ಮಾತ್ರೆ ಸರಿಯಾಗಿ ಹೀರಲ್ಪಡುವುದಿಲ್ಲ. ಕಬ್ಬಿಣ ಮತ್ತು ಕ್ಯಾಲ್ಸಿಯಂ ಮಾತ್ರೆಗಳಿಗೂ ಥೈರಾಯ್ಡ್ ಮಾತ್ರೆಗೂ ನಡುವೆ ನಾಲ್ಕು ಗಂಟೆಯ ಅಂತರ ಬೇಕು.

ಚುಚ್ಚುಮದ್ದು ಕೊಟ್ಟ ಮೇಲೆ ಯಾರೋ ನೆಂಟರು ಬಂದು ಊಟ ತಡವಾದರೆ ಲೋ ಶುಗರ್ ಆಗುತ್ತದೆ. ಬೆವರು, ನಡುಕ, ಎದೆಬಡಿತ, ಹಸಿವು, ಕಾರಣವಿಲ್ಲದ ಸಿಟ್ಟು, ತೊದಲು ಮಾತು ಅದರ ಲಕ್ಷಣಗಳು. ಸಕ್ಕರೆ 70 ಮಿಲಿಗ್ರಾಂಗಿಂತ ಕೆಳಗಿದ್ದರೆ, ಅಥವಾ ಅಳೆಯಲು ಸಾಧನವೇ ಕೈಗೆ ಸಿಗದಿದ್ದರೆ, ಮೂರು ಟೀ ಚಮಚ ಸಕ್ಕರೆಯನ್ನು ಅರ್ಧ ಲೋಟ ನೀರಿನಲ್ಲಿ ಕದಡಿ ಕುಡಿಸಿ, ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿ, ಏರದಿದ್ದರೆ ಇನ್ನೊಮ್ಮೆ ಕೊಡಿ. ಏರಿದ ಮೇಲೆ ಊಟ ಮಾಡಿಸಿ. ವೋಗ್ಲಿಬೋಸ್ ಅಥವಾ ಅಕಾರ್ಬೋಸ್ ಮಾತ್ರೆ ತೆಗೆದುಕೊಳ್ಳುವವರಿಗೆ ಅಡುಗೆಮನೆಯ ಸಕ್ಕರೆ ಬೇಗ ಕೆಲಸ ಮಾಡುವುದಿಲ್ಲ, ಅಂಥವರ ಮನೆಯಲ್ಲಿ ಗ್ಲುಕೋಸ್ ಪುಡಿ ಇರಲೇಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಸುರಿಯದೆ, ಪಕ್ಕಕ್ಕೆ ಹೊರಳಿಸಿ ಮಲಗಿಸಿ 108ಕ್ಕೆ ಕರೆ ಮಾಡಬೇಕು. ಏಕಾದಶಿ, ಶಿವರಾತ್ರಿ, ರಂಜಾನ್ ಉಪವಾಸಗಳ ವಿಚಾರವನ್ನು ಕೆಲವು ವಾರ ಮೊದಲೇ ವೈದ್ಯರ ಬಳಿ ಮಾತಾಡಿಕೊಳ್ಳಿ.

ಜ್ವರ, ವಾಂತಿ ಬಂದ ದಿನ ಇನ್ನೊಂದು ಪ್ರಶ್ನೆ ಏಳುತ್ತದೆ: ಊಟವೇ ಇಲ್ಲ, ಇನ್ಸುಲಿನ್ ಏಕೆ? ತಾವಾಗಿಯೇ ಪೂರ್ತಿ ನಿಲ್ಲಿಸಬಾರದು. ಜ್ವರದಲ್ಲಿ ಸಕ್ಕರೆ ಏರಬಹುದು, ಅದರಲ್ಲೂ ಟೈಪ್ 1 ರೋಗಿಗಳಿಗೆ, ಅಂದರೆ ದೇಹದಲ್ಲಿ ಇನ್ಸುಲಿನ್ ಹೆಚ್ಚುಕಡಿಮೆ ಉತ್ಪತ್ತಿಯೇ ಆಗದವರಿಗೆ, ನಿಲ್ಲಿಸುವುದು ಪ್ರಾಣಕ್ಕೆ ಅಪಾಯ. ಮೂರು ನಾಲ್ಕು ಗಂಟೆಗೊಮ್ಮೆ ಸಕ್ಕರೆ ನೋಡುತ್ತಾ ಪ್ರಮಾಣವನ್ನು ವೈದ್ಯರಿಗೆ ಫೋನ್ ಮಾಡಿ ಕೇಳಬೇಕು. ಹೊಟ್ಟೆನೋವು, ಬಿಡದ ವಾಂತಿ, ಆಳವಾದ ಏದುಸಿರು ಕಂಡರೆ ಫೋನಿಗೆ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಬಳಸಿದ ಸೂಜಿಗಳನ್ನು ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಕೂಡಿಟ್ಟು, ತುಂಬಿದಾಗ ಮುಚ್ಚಳ ಬಿಗಿದು, ಮೇಲೆ ‘ಸೂಜಿಗಳು’ ಎಂದು ಬರೆದು ಬೇರೆಯಾಗಿಯೇ ಕೊಡಬೇಕು. ಬಿಡಿಯಾಗಿ ಕಸದ ಬುಟ್ಟಿಗೆ ಹಾಕಿದ ಸೂಜಿ ಮರುದಿನ ಬೆಳಿಗ್ಗೆ ಚುಚ್ಚುವುದು ಪೌರಕಾರ್ಮಿಕರ ಕೈಗೆ.