ಖಾರ ಬಿಸ್ಕತ್ತಿನ ಚಪಲಕ್ಕೆ ಫ್ರೀಜರಿನಲ್ಲೊಂದು ಉರುಳೆ

ಸಂಜೆ ಕಾಫಿ ಹೊತ್ತಿಗೆ ಖಾರ ಬಿಸ್ಕತ್ತು ಬೇಕೆನಿಸಿದರೆ ಹುರಿಗಡಲೆಯಾಗಲಿ ಚುರುಮುರಿಯಾಗಲಿ ಆ ಆಸೆ ತೀರಿಸುವುದಿಲ್ಲ. ಬೆಣ್ಣೆಯಲ್ಲಿ ಬೆಂದ ಕರಿಬೇವು, ಹಸಿಮೆಣಸಿನಕಾಯಿ, ಕೊನೆಗೆ ನಾಲಿಗೆಗೆ ಹತ್ತುವ ಚೂರು ಸಿಹಿ, ಮೂರೂ ಒಟ್ಟಿಗೆ ಸಿಕ್ಕರೇ ಸಮಾಧಾನ. ತುಮಕೂರಿನಲ್ಲಿ ಬೇಕರಿಗಳಿಗೇನೂ ಬರವಿಲ್ಲ. ಆದರೆ ಕಾಲು ಕೆಜಿ ಕಟ್ಟಿಸಿಕೊಂಡು ಬಂದರೆ ಅಷ್ಟೂ ಅಂದೇ ಖಾಲಿಯಾಗುತ್ತದೆ. ಅದಕ್ಕೇ ನಾನು ಹಿಟ್ಟನ್ನು ಉರುಳೆ ಮಾಡಿ ಫ್ರೀಜರಿನಲ್ಲಿಟ್ಟಿರುತ್ತೇನೆ. ಬೇಕೆನಿಸಿದ ದಿನ ಒಬ್ಬರಿಗೆ ನಾಲ್ಕರಂತೆ ಕೊಯ್ದು ಬೇಯಿಸುತ್ತೇನೆ.

ಸುಮಾರು 35ರಿಂದ 40 ಬಿಸ್ಕತ್ತಿಗೆ ಅಳತೆ ಇದು: ಮೈದಾ 200 ಗ್ರಾಂ, ಉಪ್ಪಿಲ್ಲದ ಬೆಣ್ಣೆ 100 ಗ್ರಾಂ, ಪುಡಿ ಸಕ್ಕರೆ 25 ಗ್ರಾಂ, ಗಟ್ಟಿ ಮೊಸರು ಎರಡು ದೊಡ್ಡ ಚಮಚ, ಬೇಕಿಂಗ್ ಪೌಡರ್ ಅರ್ಧ ಟೀ ಚಮಚ, ಉಪ್ಪು ಮುಕ್ಕಾಲು ಟೀ ಚಮಚ, ಹಸಿಮೆಣಸಿನಕಾಯಿ ನಾಲ್ಕು, ಅರ್ಧ ಇಂಚು ಶುಂಠಿ, ಎರಡು ಎಸಳು ಕರಿಬೇವು, ಒಂದು ಹಿಡಿ ಕೊತ್ತಂಬರಿ ಸೊಪ್ಪು, ಒಂದು ಟೀ ಚಮಚ ಜೀರಿಗೆ. ಉಪ್ಪು ಹಾಕಿದ ಬೆಣ್ಣೆಯಾದರೆ ಉಪ್ಪನ್ನು ಅರ್ಧಕ್ಕಿಳಿಸಿ. ಮನೆಯಲ್ಲಿ ಕಡೆದ ಬೆಣ್ಣೆಯ ರುಚಿಯೇ ಬೇರೆ, ಆದರೆ ಅದರಲ್ಲಿ ಮಜ್ಜಿಗೆಯ ನೀರು ಉಳಿದಿರುತ್ತದೆ. ಚೆನ್ನಾಗಿ ಹಿಂಡಿ ಬಳಸಿ, ಮೊಸರನ್ನು ಒಂದೇ ಚಮಚ ಹಾಕಬೇಕು.

ಗರಿಗರಿ ಕೆಡುವುದು ಹೆಚ್ಚಾಗಿ ನೀರಿನಿಂದ. ಸೊಪ್ಪುಗಳನ್ನು ತೊಳೆದು ಬಟ್ಟೆಯ ಮೇಲೆ ಹರಡಿ, ಪೂರ್ತಿ ಆರಿದ ಮೇಲೆ ಸಣ್ಣಗೆ ಹೆಚ್ಚುತ್ತೇನೆ. ಮೆಣಸಿನಕಾಯಿ, ಶುಂಠಿ, ಉಪ್ಪನ್ನು ಕುಟ್ಟಾಣಿಯಲ್ಲಿ ಜಜ್ಜಬೇಕು. ಮಿಕ್ಸಿಯಲ್ಲಿ ನೀರು ಹಾಕಿ ರುಬ್ಬಿದರೆ ಬಿಸ್ಕತ್ತಿನ ನಡುಭಾಗ ಮೆತ್ತಗೇ ಉಳಿಯುತ್ತದೆ.

ಬೆರಳಿಟ್ಟರೆ ಗುಳಿ ಬೀಳುವಷ್ಟು ಮೆತ್ತಗಿರುವ ಬೆಣ್ಣೆಗೆ ಸಕ್ಕರೆ ಸೇರಿಸಿ ಬಣ್ಣ ಬಿಳಿಚುವವರೆಗೆ ತಿಕ್ಕಿ. ಮೊಸರು, ಜಜ್ಜಿದ ಖಾರ, ಸೊಪ್ಪು, ಜೀರಿಗೆ ಬೆರೆಸಿ. ಬೇಕಿಂಗ್ ಪೌಡರ್ ಜೊತೆ ಜರಡಿ ಹಿಡಿದ ಮೈದಾವನ್ನು ಕೊನೆಯಲ್ಲಿ ಹಾಕಿ, ಬೆರಳ ತುದಿಯಲ್ಲಿ ಒಟ್ಟುಗೂಡಿಸಿ ಅಲ್ಲಿಗೇ ನಿಲ್ಲಿಸಿ. ಚಪಾತಿಗೆ ನಾದಿದಂತೆ ನಾದಿದರೆ ಮೈದಾದ ಗ್ಲುಟೆನ್ ಬಿಗಿದುಕೊಂಡು ಬಿಸ್ಕತ್ತು ಕಲ್ಲಾಗುತ್ತದೆ. ಏಪ್ರಿಲ್ ಸೆಕೆಯಲ್ಲಿ ಬೆಣ್ಣೆ ಕೈಯಲ್ಲೇ ಕರಗತೊಡಗುತ್ತದೆ. ಹಿಟ್ಟು ಜಿಡ್ಡುಜಿಡ್ಡಾಗಿ ಹೊಳೆದರೆ ಇನ್ನಷ್ಟು ಮೈದಾ ಸುರಿಯಬೇಡಿ, ಕಾಲು ಗಂಟೆ ಫ್ರಿಜ್ಜಿನಲ್ಲಿಡಿ. ಕರಗಿದ ಬೆಣ್ಣೆಯ ಹಿಟ್ಟು ಓವನ್ನಿನಲ್ಲಿ ಹರಡಿ ಚಪ್ಪಟೆಯಾಗುತ್ತದೆ.

ಸುಮಾರು 4 ಸೆಂ.ಮೀ. ದಪ್ಪದ ಎರಡು ಉರುಳೆ ಮಾಡಿ, ಬಟರ್ ಪೇಪರಿನಲ್ಲಿ ಸುತ್ತಿ, ಗಾಳಿಯಾಡದ ಡಬ್ಬಿಯಲ್ಲಿಟ್ಟು ಫ್ರೀಜರಿಗೆ. ಒಂದು ತಿಂಗಳವರೆಗೆ ರುಚಿ ಕೆಡುವುದಿಲ್ಲ. ಡಬ್ಬಿ ಸರಿಯಾಗಿ ಮುಚ್ಚದಿದ್ದರೆ ಒಳಗಿರುವ ಮೀನು, ಬೆಳ್ಳುಳ್ಳಿಯ ವಾಸನೆಯನ್ನೆಲ್ಲ ಬೆಣ್ಣೆ ಹೀರಿಕೊಳ್ಳುತ್ತದೆ. ಕರೆಂಟ್ ಹೋಗಿ ಉರುಳೆ ಪೂರ್ತಿ ಮೆತ್ತಗಾದರೆ ಮತ್ತೆ ಗಟ್ಟಿ ಮಾಡಲು ಇಡದೆ ಅಂದೇ ಅಷ್ಟನ್ನೂ ಬೇಯಿಸಿಬಿಡಿ.

ಕೊಯ್ಯುವ ಮೊದಲು ಉರುಳೆ ಹತ್ತು ನಿಮಿಷ ಹೊರಗಿರಲಿ, ಇಲ್ಲದಿದ್ದರೆ ಬಿರುಕು ಬಿಡುತ್ತದೆ. ಅರ್ಧ ಸೆಂ.ಮೀ.ಗಿಂತ ತುಸು ದಪ್ಪ ಬಿಲ್ಲೆಗಳು ಸಾಕು. ಒಂದೊಂದು ಸಲ ಕೊಯ್ದ ಮೇಲೂ ಉರುಳೆಯನ್ನು ಸ್ವಲ್ಪ ತಿರುಗಿಸಿದರೆ ಒಂದೇ ಬದಿ ಚಪ್ಪಟೆಯಾಗುವುದಿಲ್ಲ. ಮೇಲೆ ಎಳ್ಳು ಒತ್ತಬಹುದು. ಕರಿಬೇವು ಮಾತ್ರ ಹಿಟ್ಟಿನೊಳಗೇ ಇರಲಿ, ಮೇಲೆ ಅಂಟಿಸಿದರೆ ಸುಟ್ಟು ಕಹಿಯಾಗುತ್ತದೆ.

ಓಟಿಜಿಯ (ಓವನ್, ಟೋಸ್ಟರ್, ಗ್ರಿಲ್ ಮೂರೂ ಸೇರಿದ ಕರೆಂಟಿನ ಸಣ್ಣ ಓವನ್) ಮೇಲೂ ಕೆಳಗೂ ಕಾಯಿಲ್ ಹಾಕಿ 160 ಡಿಗ್ರಿಯಲ್ಲಿ ಹದಿನೈದು ನಿಮಿಷ ಕಾಯಿಸಿ, ಟ್ರೇಯನ್ನು ನಡುವಿನ ಹಂತದಲ್ಲಿಟ್ಟು 20ರಿಂದ 24 ನಿಮಿಷ ಬೇಯಿಸುತ್ತೇನೆ. ಓಟಿಜಿಯ ಗುಂಡಿ ತೋರಿಸುವ ಶಾಖ ನಿಜವಾದ ಶಾಖವಲ್ಲದಿರಬಹುದು, ಆದ್ದರಿಂದ ಒಳಗೆ ನೇತುಹಾಕುವ ಥರ್ಮಾಮೀಟರ್ ಕೊಂಡರೆ ದುಡ್ಡಿಗೆ ಮೋಸವಿಲ್ಲ. ಅಂಚು ಹೊಂಬಣ್ಣಕ್ಕೆ ತಿರುಗಿ, ನಡುವೆ ಒತ್ತಿದರೆ ಇನ್ನೂ ತುಸು ಮೆತ್ತಗಿರುವಾಗಲೇ ತೆಗೆಯಬೇಕು. ಜಾಲರಿಯ ಮೇಲೆ ಕಾಲು ಗಂಟೆ ಆರಿದರೆ ಗರಿಗರಿಯಾಗುತ್ತದೆ. ಟ್ರೇಯಲ್ಲೇ ಬಿಟ್ಟರೆ ತಳಕ್ಕೆ ಹಬೆ ಕಟ್ಟಿ ಒದ್ದೆಯಾಗುತ್ತದೆ. ಆರಿದ ಮೇಲೂ ಮೆತ್ತಗಿದ್ದರೆ 130 ಡಿಗ್ರಿಯಲ್ಲಿ ಎಂಟು ನಿಮಿಷ ಮತ್ತೆ ಇಡಿ. ನಾಲ್ಕು ಬಿಸ್ಕತ್ತಿಗಾಗಿ ಓವನ್ ಹಚ್ಚುವುದು ದುಬಾರಿ ಎನಿಸಬಹುದು, ಆದರೆ 1300 ವಾಟಿನ ಸಣ್ಣ ಓಟಿಜಿಯಲ್ಲಿ ಇದೆಲ್ಲ ಒಂದು ಯುನಿಟ್ ಒಳಗೇ ಮುಗಿಯುತ್ತದೆ.

ನಮ್ಮ ಕಡೆಯ ರಾಗಿ ಹುರಿಹಿಟ್ಟು ಈ ಬಿಸ್ಕತ್ತಿಗೆ ತುಂಬಾ ಒಪ್ಪುತ್ತದೆ. 50 ಗ್ರಾಂ ಮೈದಾ ತೆಗೆದು ಅಷ್ಟೇ ಹುರಿಹಿಟ್ಟು ಹಾಕಿ. ರಾಗಿಯನ್ನು ಹುರಿದು ಅರಳಿಸಿ ಬೀಸಿದ ಹಿಟ್ಟಾದ್ದರಿಂದ ತೇವವನ್ನು ಹೆಚ್ಚು ಕುಡಿಯುತ್ತದೆ, ಒಂದು ಚಮಚ ಮೊಸರು ಜಾಸ್ತಿ ಬೇಕು. ಹಸಿ ರಾಗಿಹಿಟ್ಟಿನಲ್ಲಿ ಹಸಿವಾಸನೆ ಉಳಿಯುತ್ತದೆ. 50 ಗ್ರಾಂ ಮೀರಿದರೆ ರಾಗಿಯಲ್ಲಿ ಗ್ಲುಟೆನ್ ಇಲ್ಲದ ಕಾರಣ ಕೊಯ್ಯುವಾಗಲೇ ಉದುರುತ್ತದೆ.

ಸಿಹಿ ಬೇಕೆನಿಸುವ ದಿನಗಳಿಗೆ ಬೇರೆ ಹಿಟ್ಟಿನ ಉರುಳೆ: ಖಾರ, ಸೊಪ್ಪು, ಜೀರಿಗೆ, ಮೊಸರು ಬಿಟ್ಟು, ಉಪ್ಪು ಒಂದು ಚಿಟಿಕೆ, ಸಕ್ಕರೆ 80 ಗ್ರಾಂ, ತುರಿದ ತಿಪಟೂರು ಕೊಬ್ಬರಿ 40 ಗ್ರಾಂ, ಹಿಟ್ಟು ಕೂಡುವಷ್ಟು ಹಾಲು. ಹಸಿ ತೆಂಗಿನತುರಿ ಹಾಕಬೇಡಿ, ಅದರ ನೀರಿಗೆ ಬಿಸ್ಕತ್ತು ಗರಿಯಾಗುವುದಿಲ್ಲ. ಸಕ್ಕರೆ ಹೆಚ್ಚಿರುವುದರಿಂದ ಇದು ಬೇಗ ಕೆಂಪಾಗುತ್ತದೆ, 16ನೇ ನಿಮಿಷದಿಂದಲೇ ನೋಡುತ್ತಿರಬೇಕು.