ಹಿತ್ತಲ ಕೊಳಕ್ಕೆ ತೆರೆದ ಡ್ರಮ್ಮಿನ ಫಿಲ್ಟರ್: ನನ್ನ ಅನುಭವ

ಮೈಸೂರಿನ ಕುವೆಂಪುನಗರದಲ್ಲಿರುವ ನಮ್ಮ ಮನೆಯ ಹಿತ್ತಲ ಕೊಳ ಎಂಟು ಅಡಿ ಉದ್ದ, ಐದು ಅಡಿ ಅಗಲ, ಎರಡೂವರೆ ಅಡಿ ಆಳ. ಒಟ್ಟು 100 ಘನ ಅಡಿ. ಘನ ಅಡಿಗೆ 28.3 ಲೀಟರಿನಂತೆ ಸುಮಾರು 2,800 ಲೀಟರ್ ನೀರು. ಫಿಲ್ಟರ್ ಕೊಳ್ಳಲು ಹೊರಡುವ ಮೊದಲು ಈ ಲೆಕ್ಕ ಕೈಯಲ್ಲಿರಲೇಬೇಕು. ಪೆಟ್ಟಿಗೆಯ ಮೇಲೆ ‘5,000 ಲೀಟರ್ ಕೊಳಕ್ಕೆ’ ಎಂದು ಬರೆದಿದ್ದರೆ ಅದು ಸಾಮಾನ್ಯವಾಗಿ ಮೀನಿಲ್ಲದ ಕೊಳದ ಮಾತು. ಮೀನು ಸಾಕಿದರೆ ಅದರ ಅರ್ಧ, ಕೋಯಿ ಎಂಬ ದೊಡ್ಡ ಅಲಂಕಾರಿಕ ಮೀನು ಸಾಕಿದರೆ ಕಾಲು ಭಾಗ ಎಂದು ಹಿಡಿಯುವುದು ಕ್ಷೇಮ. ನಮ್ಮ ಬಿಸಿಲನ್ನೂ ಸೇರಿಸಿಕೊಳ್ಳಬೇಕು. 20 ಡಿಗ್ರಿಯ ನೀರಿನಲ್ಲಿ ಲೀಟರಿಗೆ 9 ಮಿಲಿಗ್ರಾಂನಷ್ಟು ಆಮ್ಲಜನಕ ಕರಗಿದರೆ, 30 ಡಿಗ್ರಿಯಲ್ಲಿ ಏಳೂವರೆ ಮಾತ್ರ.

ನೀರು ತಿಳಿಯಾಗಿ ಕಂಡರೆ ಸಾಲದು. ಮೀನಿನ ಹಿಕ್ಕೆ, ತಿನ್ನದೆ ಉಳಿದ ಆಹಾರ ಎಲ್ಲವೂ ಕೊಳೆತು ಅಮೋನಿಯಾ ಆಗುತ್ತದೆ. ಅದು ಕಣ್ಣಿಗೆ ಕಾಣದ ವಿಷ. ಫಿಲ್ಟರಿನೊಳಗೆ ನೆಲೆಯೂರುವ ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೈಟ್ ಮಾಡಿ, ಮತ್ತೆ ಅಷ್ಟು ವಿಷವಲ್ಲದ ನೈಟ್ರೇಟ್ ಮಾಡುತ್ತವೆ. ನಾನು ಹುಡುಕಿದ್ದು ಈ ಜೀವಿಗಳಿಗೆ ಒಳ್ಳೆಯ ಮನೆಯನ್ನು.

ನೆಲದಲ್ಲಿ ಹೂತಿಡಬಹುದಾದ ಮುಚ್ಚಿದ ಪ್ರೆಷರ್ ಫಿಲ್ಟರ್ ನೋಡಲು ಅಂದವಾಗಿತ್ತು. ಆದರೆ ಕರೆಂಟ್ ಹೋಗಿ ಪಂಪು ನಿಂತರೆ ಮುಚ್ಚಿದ ಡಬ್ಬದೊಳಗೆ ಗಾಳಿಯಾಡುವುದಿಲ್ಲ. ಕೆಲವು ಗಂಟೆಗಳಲ್ಲಿ ಬ್ಯಾಕ್ಟೀರಿಯಾಗಳು ಉಸಿರುಗಟ್ಟಿ ಸಾಯಲಾರಂಭಿಸುತ್ತವೆ, ಕರೆಂಟ್ ಬಂದೊಡನೆ ಆ ಕೊಳೆತ ನೀರು ನೇರವಾಗಿ ಮೀನುಗಳ ಬಳಿಗೆ ಬರುತ್ತದೆ. ಜೊತೆಗೆ ಕೊಳದ ಮೇಲೆ ಹೊಂಗೆ ಮರ ಚಾಚಿಕೊಂಡಿದೆ. ಬೇಸಿಗೆ ಕಾಲಿಡುವಾಗ ಎಲೆ, ಆಮೇಲೆ ಹೂವು, ಒಂದಾದ ಮೇಲೊಂದು ಉದುರುತ್ತಲೇ ಇರುತ್ತವೆ. ಮುಚ್ಚಳ ತೆಗೆದು ಕೈ ಹಾಕಿ ನೋಡಬಹುದಾದ ಫಿಲ್ಟರೇ ಬೇಕೆಂದು ನಿಶ್ಚಯಿಸಿದೆ.

200 ಲೀಟರಿನ ನೀಲಿ ಪ್ಲಾಸ್ಟಿಕ್ ಡ್ರಮ್ ತಂದೆ. ಮೊದಲು ಅದರಲ್ಲಿ ಏನು ತುಂಬಿದ್ದರು ಎಂದು ಕೇಳಿ ತಿಳಿದುಕೊಂಡೇ ಕೊಳ್ಳಬೇಕು. ರಾಸಾಯನಿಕದ ಡ್ರಮ್ಮನ್ನು ಮುಟ್ಟಬೇಡಿ. ಪಂಪಿನ ನೀರು ಡ್ರಮ್ಮಿನ ತಳಕ್ಕೆ ಬರುತ್ತದೆ. ಅಲ್ಲಿ ಒಂದಡಿ ಜಾಗ ಖಾಲಿ ಬಿಟ್ಟಿದ್ದೇನೆ, ಗಸಿ ಅಲ್ಲೇ ಕೂರುತ್ತದೆ. ಅದಕ್ಕೊಂದು ವಾಲ್ವ್. ಮೇಲೆ ಸ್ಪಂಜಿನ ಪದರ, ಅದರ ಮೇಲೆ ವೈರಿಂಗಿಗೆ ಬಳಸುವ ಸುಕ್ಕು ಮೈಯ ಪೈಪನ್ನು ಬೆರಳುದ್ದಕ್ಕೆ ಕತ್ತರಿಸಿದ ತುಂಡುಗಳು. ಜಲ್ಲಿ ಅಗ್ಗವೇನೋ ಹೌದು, ಆದರೆ ಭಾರ. ಸಂದಿಗಳು ಬೇಗ ಕಟ್ಟಿಕೊಳ್ಳುತ್ತವೆ. ಪೈಪಿನ ತುಂಡಿನ ಒಳಗೂ ಹೊರಗೂ ನೀರು ಹರಿಯುವುದರಿಂದ ಬ್ಯಾಕ್ಟೀರಿಯಾಗಳಿಗೆ ಅಂಟಿಕೊಳ್ಳಲು ಹೇರಳ ಜಾಗ. ಈಗ ಒಂದು ತುಂಡನ್ನು ಎತ್ತಿ ನೋಡಿದರೆ ಸುಕ್ಕುಗಳ ನಡುವೆ ತೆಳು ಕಂದು ಲೋಳೆ, ಮೂಸಿದರೆ ಮಳೆ ಬಿದ್ದ ಮಣ್ಣಿನ ವಾಸನೆ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಒಳಗೆ ಗಾಳಿ ಸಾಲುತ್ತಿಲ್ಲವೆಂದೇ ಅರ್ಥ. ಮೇಲಿನ ದಪ್ಪ ಪೈಪಿನಿಂದ ನೀರು ತಾನಾಗಿಯೇ ಕೊಳಕ್ಕೆ ಧುಮುಕುತ್ತದೆ, ಬೀಳುವಾಗ ಗಾಳಿಯನ್ನೂ ಸೆಳೆದುಕೊಳ್ಳುತ್ತದೆ.

ಕೊಳದ ನೀರೆಲ್ಲ ಎರಡು ಗಂಟೆಗೊಮ್ಮೆ ಫಿಲ್ಟರ್ ಹಾದು ಬರಬೇಕಾದರೆ ಗಂಟೆಗೆ 1,400 ಲೀಟರ್ ಬೇಕು. ಪಂಪಿನ ಮೇಲೆ ಬರೆದಿರುವುದು ನೀರನ್ನು ಎತ್ತರಕ್ಕೆ ಏರಿಸದಿದ್ದಾಗಿನ ಅಂಕಿ. ಹಾಗಾಗಿ 3,000 ಲೀಟರಿನದನ್ನು ತಂದೆ. ಡ್ರಮ್ಮಿನ ಬಾಯಿಯಲ್ಲಿ ಹಿಡಿದ 20 ಲೀಟರ್ ಬಕೆಟ್ 50 ಸೆಕೆಂಡಿನಲ್ಲಿ ತುಂಬಿತು, ಎಂದರೆ ಗಂಟೆಗೆ 1,440 ಲೀಟರ್. 40 ವಾಟಿನ ಈ ಪಂಪು ದಿನವಿಡೀ ಓಡಿದರೆ ತಿಂಗಳಿಗೆ 29 ಯೂನಿಟ್ ಆಗುತ್ತದೆ. ರಾತ್ರಿ ನಿಲ್ಲಿಸಿ ಉಳಿಸುವ ಯೋಚನೆ ಬೇಡವೇ ಬೇಡ. ನೀರಿನೊಳಗಿನ ಪಂಪಾದ್ದರಿಂದ ಅರ್ಥಿಂಗ್ ಜೊತೆಗೆ ಸೋರಿಕೆಯಾದರೆ ತಾನೇ ಕಡಿತಗೊಳಿಸುವ ಇಎಲ್‌ಸಿಬಿಯನ್ನೂ ಹಾಕಿಸಿದ್ದೇನೆ.

ಹೊಸ ಫಿಲ್ಟರಿನಲ್ಲಿ ಬ್ಯಾಕ್ಟೀರಿಯಾಗಳು ನೆಲೆಯೂರಿ ಅದು ಪಕ್ವವಾಗಲು ನಾಲ್ಕರಿಂದ ಆರು ವಾರ ಬೇಕು. ಅಲ್ಲಿಯವರೆಗೆ ಮೀನು ಕಡಿಮೆ, ಆಹಾರವೂ ಕಡಿಮೆ. ಸ್ಪಂಜನ್ನು ನಲ್ಲಿ ನೀರಿನಲ್ಲಿ ತೊಳೆಯಬಾರದು, ಕ್ಲೋರಿನ್ ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆ. ಕೊಳದ ನೀರನ್ನೇ ಬಕೆಟ್ಟಿಗೆ ತುಂಬಿಕೊಂಡು ಹಿಂಡುತ್ತೇನೆ. ವಾಲ್ವ್ ತಿರುಗಿಸಿದಾಗ ಬರುವ ಗಸಿ ಬಾಳೆಗೂ ಕರಿಬೇವಿಗೂ ಹೋಗುತ್ತದೆ. ಹಸಿರು ನೀರಿಗೆ ಯುವಿ (ನೇರಳಾತೀತ) ದೀಪ ಹಾಕಿರೆಂದು ಹಲವರು ಹೇಳಿದರು. ಅದು ತೇಲುವ ಪಾಚಿಯನ್ನು ಕೊಲ್ಲುತ್ತದೆಯೇ ಹೊರತು ಅಮೋನಿಯಾವನ್ನು ಮುಟ್ಟುವುದಿಲ್ಲ. ನಾನು ಅದರ ಬದಲು ನೈದಿಲೆ ನೆಟ್ಟೆ. ಎಲೆಗಳು ನೀರಿನ ಅರ್ಧದಷ್ಟನ್ನು ಮುಚ್ಚಿದ ಮೇಲೆ ಹಸಿರು ತಾನಾಗಿಯೇ ಇಳಿಯಿತು.